ಶಾಂತವ್ವನ ತಲೆಯ ಒಂಬತ್ತು ಬಿಲ್ಲೆಗಳು

ವೆರ್ಣಾದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸೂಪರ್‌ವೈಸರ್ ಆಗಿದ್ದವನು ನಾನು. ನನ್ನ ಪಾಳಿಯಲ್ಲಿ ಒಂದು ಡಬ್ಬಿಯೂ ಸಾಲು ತಪ್ಪಿ ನಿಂತದ್ದಿಲ್ಲ. ಹೆಂಡತಿ ಶಾಂತವ್ವನ ಮೆದುಳಿನ ಗಂಟು ತೆಗೆಸುವ ಕಾರ್ಯವೂ ನನ್ನ ಉಸ್ತುವಾರಿಯಲ್ಲಿ ಕ್ರಮಬದ್ಧವಾಗಿ ನೆರವೇರುವುದೆಂದು ನಂಬಿದ್ದೆ.

ಡಾಕ್ಟರು ಬೆಳಗಾವಿ ಕಡೆಯವರು. ಕಂಪ್ಯೂಟರಿನಲ್ಲಿ ಅವಳ ತಲೆಯನ್ನು ತಿರುಗಿಸಿ ತೋರಿಸಿದರು. ಗಂಟು ಕೆಂಪು, ಅಲ್ಲಿಗೆ ಹೋಗುವ ದಾರಿ ಹಸಿರು ಗೆರೆ.

"ಮೆದುಳಿನ್ಯಾಗ ಕೈ ಆಡಿಸೋ ಜಾಗಾ ಇಲ್ಲೇ ಬಾಜೂಕ ಐತ್ರಿ. ಅದನ್ನ ತಪ್ಪಿಸಿ ಹೋಗೂ ದಾರಿ ಮೊದಲ ಇದರಾಗ ಹುಡುಕ್ತೀವಿ. ತಡ ಮಾಡೂದು ಬ್ಯಾಡ."

ಅವಳ ಬಲಗೈ ಆಗಲೇ ಸೋಲುತ್ತಿತ್ತು. ಬೋಳಿಸಿದ ತಲೆಗೆ ಒಂಬತ್ತು ಬಿಲ್ಲೆ ಅಂಟಿಸಿ ಸ್ಕ್ಯಾನ್ ಮಾಡಿದರು. ಗಂಟು ತಲೆಯಲ್ಲಿ ಎಲ್ಲಿದೆ ಎಂದು ತಿಳಿಯಲು ಕಂಪ್ಯೂಟರಿಗೆ ಅವೇ ಗುರುತು. ಮುಟ್ಟಬೇಡಿ ಎಂದು ನರ್ಸ್ ಎಚ್ಚರಿಸಿದಳು. ಉಳಿದವರಿಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ಉಸ್ತುವಾರಿಯವನಿಗೂ ಅದು ಅನ್ವಯಿಸುತ್ತದೆಯೇ!

ಮರುದಿನ ಆಪರೇಷನ್. ಬೆಳಿಗ್ಗೆ ಐದಕ್ಕೆದ್ದು ನೋಡಿದೆ. ಬಿಲ್ಲೆಗಳೆಲ್ಲ ಅಡ್ಡಾದಿಡ್ಡಿ! ಒಂದರ ಅಂಚು ಎದ್ದಿತ್ತು. ಒತ್ತಲು ಹೋದೆ, ಕೈಗೇ ಬಂತು. ಮತ್ತೆ ಅಂಟಿಸುವಾಗ ತುಸು ನೇರ ಮಾಡಿದೆ. ಆಗ ಪಕ್ಕದ್ದು ಸೊಟ್ಟ ಕಾಣಿಸಿತು.

"ಏನ್ ಮಾಡಾಕತ್ತೀರಿ?"

"ಸುಮ್ನ ಕುಂದ್ರು. ಅಲುಗಾಡಬ್ಯಾಡ."

"ಡಾಕ್ಟರ್ ಹಚ್ಚಿದ್ದು ಇರ್ಲಿ ಬಿಡ್ರಿ."

"ಅವಸರದಾಗ ಹಚ್ಯಾರ. ಒಂದೂ ಸಾಲಿಗಿಲ್ಲ!"

ಒಂಬತ್ತೂ ಮೂರು ಸಾಲಾಗಿ ನಿಂತವು. ನೋಡಿ ನನಗೇ ಹೆಮ್ಮೆಯಾಯಿತು!

ಆಪರೇಷನ್ ಕೋಣೆಯಿಂದ ಡಾಕ್ಟರು ಅರ್ಧ ಗಂಟೆಯಲ್ಲೇ ಹೊರಬಂದರು.

"ಯಜಮಾನ್ರ, ಬಿಲ್ಲಿ ಯಾರು ಕಿತ್ತು ಹಚ್ಯಾರ?"

"ನಾನ್ರಿ. ಸಾಲಿಗೆ ಹಚ್ಚೇನಿ."

"ಈಗ ಕಂಪ್ಯೂಟರ್ ಪ್ರಕಾರ ಗಂಟು ತಲೀ ಹೊರಗೈತಿ. ದಿಂಬಿಗೆ ಆಪರೇಷನ್ ಮಾಡ್ಲೇನು?"

ಮತ್ತೆ ಸ್ಕ್ಯಾನ್ ಆಗಬೇಕಿತ್ತು. ಯಂತ್ರದ ಸರದಿ ಸಿಕ್ಕಿದ್ದು ಆರು ದಿನದ ನಂತರ! ಮೊದಲ ದಿನ ಶಾಂತವ್ವ ಲೋಟ ಹಿಡಿದಳು. ನಾಲ್ಕನೆಯ ದಿನ ಲೋಟ ಜಾರಿತು. ಆರನೆಯ ದಿನ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬೈಯಲಿ ಎಂದು ಕಾದೆ.

"ಉಂಡ್ರೇನ್ರಿ?" ಎಂದಳು.

ಎರಡನೆಯ ಸಲ ಬಿಲ್ಲೆ ಹಚ್ಚುವಾಗ ನನ್ನನ್ನು ವಾರ್ಡಿನಿಂದಲೇ ಹೊರಹಾಕಿದರು. ಗಂಟು ಹೋಯಿತು, ಜೀವ ಉಳಿಯಿತು. ಮೂರು ಬೆರಳು ಆಡಿದವು. ಎರಡು ಇನ್ನೂ ಆಡಿಲ್ಲ.

"ಆರು ದಿನ ತಡ ಆಗಿದ್ದಕ್ಕೇನ್ರಿ?" ಎಂದು ಡಾಕ್ಟರನ್ನು ಕೇಳಿದೆ.

"ಹೇಳಾಕ ಬರಂಗಿಲ್ಲ, ಯಜಮಾನ್ರ."

ಮೂರು ಸೋಮವಾರ, ಸರಿಯಾಗಿ ಒಂಬತ್ತಕ್ಕೆ, ಫಾತೋರ್ಡಾದ ಮನೆಯಿಂದ ಆಸ್ಪತ್ರೆಗೆ ಹೋಗಿ ಅದೇ ಪ್ರಶ್ನೆ ಕೇಳಿದೆ. ನಾಲ್ಕನೆಯ ಸೋಮವಾರ ನನ್ನನ್ನು ದೂರದಿಂದಲೇ ಕಂಡ ಡಾಕ್ಟರು ಹಿಂದಿನ ಮೆಟ್ಟಿಲು ಇಳಿದು ಹೋದರು.

ಅದೂ ಸರಿಯಾಗಿ ಒಂಬತ್ತಕ್ಕೆ!