ಏಕಸಂಬಿ ಬಿಟ್ಟು ಬೇರೆ ಊರು ಕೇಳಿ

ಕೈಗೆ ಕೆಲಸವಿದ್ದು ಬಾಯಿಗೆ ಕೆಲಸವಿಲ್ಲದ ಕಡೆ ಇಂಥವು ನಡೆಯುತ್ತಲೇ ಇರುತ್ತವೆ. ಚಿಕ್ಕೋಡಿಯಲ್ಲಿ ನನ್ನದೊಂದು ರೊಟ್ಟಿ ಕೇಂದ್ರವಿದೆ. ಯಾರ ಮುಂದೆಯೂ ಕೈಯೊಡ್ಡದೆ ಕಟ್ಟಿದ್ದು. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ರೊಟ್ಟಿ ಕಟ್ಟಿಕೊಡುವ ಹಳೇ ಪೇಪರಿನಲ್ಲೇ ಅಕ್ಷರ ಕೂಡಿಸಿ ಓದು ಕಲಿತೆ. ಈಗಲೂ ಒಗಟೋ ಲೆಕ್ಕದ ಸಮಸ್ಯೆಯೋ ಅಚ್ಚಾದ ಹಾಳೆ ಸಿಕ್ಕರೆ ಅದರಲ್ಲಿ ಯಾರಿಗೂ ರೊಟ್ಟಿ ಕಟ್ಟುವುದಿಲ್ಲ.

ಜೊತೆಗೆ ರೊಟ್ಟಿ ಬಡಿಯುವ ಗೆಳತಿಯರು ಇಬ್ಬರು. ಒಬ್ಬಳು ಸತ್ತಿ ಎಂಬ ಊರಿನ ಸೊಸೆ, ಇನ್ನೊಬ್ಬರು ನಾವು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಉಗಾರದವರು. ಬಡಿಯುತ್ತ ಬಡಿಯುತ್ತ ಒಗಟು ಹಾಕುತ್ತೇವೆ. ಹಿರಿಯರಿಂದ ಬಂದ ಪದ್ಧತಿಯೇ ನಮ್ಮದೂ: ಒಗಟು ಒಡೆಯಲಾಗದಿದ್ದರೆ ಕೇಳಿದವರಿಗೆ ಒಂದು ಊರು ಕೊಡಬೇಕು, ಆಮೇಲೇ ಉತ್ತರ. ಮೊದಲ ಸಲ ಸೋತವರು ತಮ್ಮೂರನ್ನೇ ಕೊಡಬೇಕು. ಹೀಗೆ ಸತ್ತಿ, ಉಗಾರ, ರಾಯಬಾಗ, ನಿಪ್ಪಾಣಿ ಎಲ್ಲ ನನ್ನ ಪಾಲಿಗೆ ಬಂದಿದ್ದವು. ನನ್ನೂರು ಏಕಸಂಬಿ ಮಾತ್ರ ಯಾರ ಕೈಗೂ ಹೋಗಿರಲಿಲ್ಲ. ಹೋಗಲು ಬಿಡುವವಳೂ ನಾನಲ್ಲ.

ಸತ್ತಿ ಹೋತು

ಸತ್ತಿಯವಳಿಗೆ ನಾನು ಹಾಕಿದ ಮೊದಲ ಒಗಟು ಬಲು ಸಣ್ಣದು. "ತಾನು ಅಳಾಂಗಿಲ್ಲ, ಮನೀ ಮಂದೀನೆಲ್ಲಾ ಅಳಸತೈತಿ. ಏನದು?"

ಅವಳು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಮೂಗು ಏರಿಸುತ್ತ ಬಹಳ ಯೋಚನೆ ಮಾಡಿದಳು. ಹೊಳೆಯಲಿಲ್ಲ. ಊರು ಕೊಟ್ಟಳು. ಉತ್ತರ ಕೇಳಿ ನಕ್ಕೂ ನಕ್ಕೂ ಊರಲ್ಲಿದ್ದ ಅತ್ತೆಗೆ ಫೋನ್ ಹಚ್ಚಿದಳು.

"ಅತ್ತೀ, ಸತ್ತಿ ಹೋತ್ರಿ!"

ಅತ್ತೆ ಕೃಷ್ಣೆಯ ದಂಡೆಯಲ್ಲೇ ಬಾಳಿದ ಹೆಂಗಸು. ಊರು ಹೋಯಿತೆಂದರೆ ಆಕೆಗೆ ಒಂದೇ ಅರ್ಥ. "ಅಯ್ಯ ಶಿವನ! ನೀರು ಎಲ್ಲೀಮಟಾ ಬಂತು?"

"ನೀರಲ್ರೀ, ಒಗಟಿನಾಗ..." ಎನ್ನುವಷ್ಟರಲ್ಲಿ ಫೋನ್ ಕಟ್ಟಾಯಿತು. ತುಸು ಹೊತ್ತಿಗೆ ಆಕೆಯೇ ಮಾಡಿದಳು, ಏದುಸಿರು ಬಿಡುತ್ತ.

"ಎಮ್ಮಿ ಬಿಚ್ಚಿ ಗುಡೀ ಮುಂದಿನ ಕಟ್ಟೀ ಮ್ಯಾಲ ಹತ್ತಿಸೇನಿ. ಇಲ್ಲಿ ನೀರು ಇನ್ನೂ ಕಾಣವಲ್ದು. ನಿನಗ ಚಿಕ್ಕೋಡಿಯಿಂದ ಕಾಣತೈತೇನ?"

ಮೂರನೇ ರೊಟ್ಟಿ

ಉಗಾರದ ಕಾಕು ವಾಟ್ಸಾಪಿನಲ್ಲಿ ಬಂದ ಲೆಕ್ಕವೊಂದನ್ನು ಹಾಕಿದರು. "ಹಂಚಿನ ಮ್ಯಾಲ ಒಮ್ಮೆಗೆ ಎರಡ ರೊಟ್ಟಿ ಹಿಡೀತಾವು. ಒಂದು ಮಗ್ಗಲ ಬೇಯಾಕ ಒಂದು ನಿಮಿಷ. ಮೂರು ರೊಟ್ಟಿಗೆ ಎಷ್ಟು ನಿಮಿಷ?"

"ನಾಕು," ಅಂದೆ ನಾನು.

"ಮೂರು! ಎರಡರದು ಒಂದೊಂದು ಮಗ್ಗಲ ಬೇಯಿಸು. ಒಂದನ್ನ ತಗದಿಟ್ಟು ಅಲ್ಲಿ ಮೂರನೇದು ಹಾಕು, ಇನ್ನೊಂದನ್ನ ತಿರುವು. ಕಡೀಕ, ತಗದಿಟ್ಟಿದ್ದು ಮತ್ತ ಮೂರನೇದು ಕೂಡಿ ಬೇಯಿಸು. ತಾ ಏಕಸಂಬಿ!"

"ಅರ್ಧ ಬೆಂದದ್ದನ್ನ ತಗದಿಟ್ಟು ಮತ್ತ ಹಾಕಿದ್ರ ಅದಕ್ಕ ರೊಟ್ಟಿ ಅನ್ನಾಂಗಿಲ್ಲ, ಮನೀ ಮ್ಯಾಲಿನ ಹಂಚು ಅಂತಾರ."

ಮಾಡಿಯೇ ನೋಡಿದೆವು. ಮೂರು ನಿಮಿಷಕ್ಕೆ ಮೂರೂ ಬೆಂದವು ನಿಜ. ಆದರೆ ತೆಗೆದಿಟ್ಟಿದ್ದು ಸೆಟೆದು ನಿಂತಿತು. "ಇದನ್ನ ತಿನ್ನಾಕ ಬರಾಂಗಿಲ್ಲ. ಅಂದ್ರ ಆಗಿದ್ದು ಎರಡ ರೊಟ್ಟಿ," ಎಂದು ಹಟ ಹಿಡಿದೆ. ಕಾಕು ಆ ರೊಟ್ಟಿಯನ್ನು ಒಂದು ಕಡೆ ಎತ್ತಿಟ್ಟರು.

ಮಧ್ಯಾಹ್ನ ನನ್ನ ತಾಟಿನಲ್ಲಿ ಅದೇ ರೊಟ್ಟಿ.

"ತಿಂದಿ ಅಂದ್ರ ಅದು ರೊಟ್ಟಿ, ಏಕಸಂಬಿ ನಂದು," ಎಂದು ಕಾಕು ಎದುರಿಗೇ ಕೂತರು.

ಊರಿಗೆಲ್ಲ ರೊಟ್ಟಿ ಮಾರುವ ನಾನು ಆ ದಿನ ಬರೀ ಬದನೀಕಾಯಿ ಪಲ್ಯ ಉಂಡೆ.

ಹುಲಿ ದಾಟಲಿಲ್ಲ

ಅಥಣಿ ಕಡೆಯ ದ್ರಾಕ್ಷಿ ತೋಟದ ಸಾವುಕಾರರೊಬ್ಬರು ಮಗಳ ನಿಶ್ಚಯಕ್ಕೆ ರೊಟ್ಟಿ ಹೇಳಲು ಬಂದರು. ನಮ್ಮ ಒಗಟು ಕೇಳಿ ಅವರಿಗೂ ಹುರುಪು ಬಂತು.

"ಒಬ್ಬಾಂವ ಹುಲಿ, ಆಡು, ಹುಲ್ಲಿನ ಪೆಂಡಿ ತಗೊಂಡು ಹೊಳಿ ದಾಟಬೇಕು. ದೋಣಿಯೊಳಗ ಒಂದು ಸಲಕ್ಕ ಒಂದನ್ನ ಒಯ್ಯಬೇಕು. ಬಿಟ್ಟು ಹೋದ್ರ ಹುಲಿ ಆಡು ತಿಂತೈತಿ, ಆಡು ಹುಲ್ಲು ತಿಂತೈತಿ. ಹೆಂಗ ದಾಟತಾನ?"

"ಅವಗ ಹುಲಿ ಯಾಕ ಬೇಕಾಗಿತ್ರಿ?" ಎಂದಳು ಸತ್ತಿಯವಳು.

"ಅದನ್ನೆಲ್ಲ ಕೇಳಬಾರದವಾ."

"ಕೇಳಬೇಕ್ರಿ. ನಮ್ಮ ಕಡೆ ಅಂಬಿಗ ಮೋಟರ್ ಸೈಕಲ್ ಹತ್ತಿಸಿಕೊಳ್ಳಾಕ ಗೊಣಗತಾನ. ಹುಲಿ ಹತ್ತಿಸಿಕೊಂತಾನೇನ್ರಿ?"

"ಹುಲ್ಲರೆ ಯಾಕ್ರಿ? ಆಚೀ ದಂಡ್ಯಾಗ ಹುಲ್ಲಿಗೇನು ಬರ?" ಎಂದರು ಕಾಕು.

ಮೊದಲು ಆಡು ದಾಟಿಸಬೇಕು, ಆಮೇಲೆ ಹುಲಿ ಒಯ್ದು ಆಡನ್ನು ತಿರುಗಿ ತರಬೇಕು, ಹುಲ್ಲು ದಾಟಿಸಿ ಕಡೆಗೆ ಮತ್ತೆ ಆಡನ್ನು ಒಯ್ಯಬೇಕು ಎಂದು ನಾನು ಸರಿಯಾದ ಉತ್ತರವನ್ನೇ ಬಿಡಿಸಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾವುಕಾರರು ತಲೆ ಕೆರೆದುಕೊಳ್ಳುತ್ತ ಹೊರಟುಹೋದರು. ಸಂಜೆ ಅವರದೇ ಫೋನ್.

"ಅಕ್ಕಾರ, ರೊಟ್ಟಿ ಹೇಳೋದನ್ನ ಮರತು ಬಂದ್ನಿ."

"ಹೇಳ್ರಿ, ಎಷ್ಟು ಬೇಕು?"

"ಅದು ಆಮ್ಯಾಲ. ಮೊದಲ ಇದನ್ನ ಹೇಳ್ರಿ, ಅಂವಾ ಹುಲಿ ಎಲ್ಲಿಂದ ತಂದಿದ್ದ?"

ಅವ್ವನ ಒಗಟು

ಕಳೆದ ತಿಂಗಳು ಏಕಸಂಬಿಯಿಂದ ಅವ್ವ ಬಂದಳು. ಗೆಳತಿಯರಿಬ್ಬರೂ ಅವಳಿಗೆ ಚಾಪೆ ಹಾಸಿ, ಚಹಾ ಕೊಟ್ಟು, "ಆಯಿ, ನಿಮ್ಮ ಮಗಳನ್ನ ಒಮ್ಮೆರ ಸೋಲಸ್ರಿ," ಎಂದು ಗಂಟುಬಿದ್ದರು. ಅವ್ವ ಎಲೆಗೆ ಸುಣ್ಣ ಸವರುತ್ತ ಹೇಳಿದಳು:

"ಅಣ್ಣ ಹೋದಲ್ಲಿ ತಮ್ಮ ಹೋಗತಾನ. ತಮ್ಮ ಹೋದಲ್ಲಿ ಅಣ್ಣ ಹೋಗಾಂಗಿಲ್ಲ. ಇಬ್ಬರೂ ಕೂಡಿ ಮನಿಗೆ ಬಂದ್ರ ಅವ್ವ ಅಳತಾಳ. ಏನಿದು?"

"ಸೂಜಿ, ದಾರ," ಅಂದೆ ನಾನು.

"ಅಲ್ಲ."

"ಬೆಂಕಿ, ಹೊಗಿ."

"ಅಲ್ಲಬೇ."

"ಗಾಳಿ, ಮಳಿ?"

"ಅಲ್ಲಂದ್ರ ಅಲ್ಲ." ಒಂದು ಗಳಿಗೆಯೂ ಯೋಚಿಸದೆ, ನ್ಯಾಯಾಧೀಶರ ಹಾಗೆ ಹೇಳುತ್ತಿದ್ದಳು.

ನನ್ನ ಹಂಚಿನ ಮೇಲೆ ರೊಟ್ಟಿ ಸೀದಿತು. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅವ್ವ ಬಸ್ಸಿಗೆ ಹೊರಟು ನಿಂತಳು. ಇವಳು ಹೋದರೆ ಉತ್ತರವೂ ಹೋಗುತ್ತದೆ. ಕೇಳಿದರೆ ಏಕಸಂಬಿ ಹೋಗುತ್ತದೆ. ಅವಳು ಚಪ್ಪಲಿ ಮೆಟ್ಟಿದಳು. ನನಗೆ ತಡೆಯಲಾಗಲಿಲ್ಲ.

"ತಗೋ, ಏಕಸಂಬಿ!" ಎಂದೆ ಗೋಡೆಯ ಕಡೆ ಮುಖ ಮಾಡಿ.

ಸತ್ತಿಯವಳು ಹಿಟ್ಟು ತೂರಿ ಕುಣಿದಳು. ಕಾಕು ಅವ್ವನ ಕಾಲಿಗೇ ಬಿದ್ದರು.

"ನಾ ಇರೋ ಊರು ನನಗ ಕೊಡತಿಯೇನ? ಶಾಣೇಕಿ ಅದಿ. ಇರಲಿ, ತಗೊಂಡ್ನಿ," ಎಂದಳು ಅವ್ವ.

"ಈಗರೆ ಹೇಳು ಎವ್ವಾ. ಉತ್ತರ ಏನು?"

"ನನಗೇನು ಗೊತ್ತು? ನೀ ಪೇಪರ ಓದಾಕಿ, ನಿನಗ ಗೊತ್ತಿರತೈತಿ ಅಂತ ಕೇಳಿದ್ನಿ."

ನಾನು ಗೋಡೆ ಬಿಟ್ಟು ಗಕ್ಕನೆ ಅವ್ವನ ಕಡೆ ತಿರುಗಿದೆ.

"ಮತ್ತ ನಾ ಹೇಳಿದ್ದಕ್ಕೆಲ್ಲ ಅಲ್ಲ, ಅಲ್ಲ ಅಂದ್ಯಲ್ಲ!"

ಅವ್ವ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ನಮ್ಮವ್ವ ನನಗ ಹಂಗ ಅಂದಿದ್ಲು."