ಬಾಯ್ತುಂಬ ಎಳ್ಳೆಣ್ಣೆ

ಮನೋಹರನ ಒಸಡು ಬಾತದ್ದೇ ಎಲ್ಲಕ್ಕೂ ಮೂಲ. ರಾಣೆಬೆನ್ನೂರಿಗೆ ಜಿಟಿಜಿಟಿ ಮಳೆ ಹಿಡಿದು ಹತ್ತು ದಿನವಾಗಿತ್ತು. ಓಣಿಯ ಸಮುದಾಯ ಭವನಕ್ಕೆ ಆಯುರ್ವೇದದ ಡಾಕ್ಟರಮ್ಮ ಸುಧಾರಾಣಿ ಬಂದು, ಮಳೆಗಾಲದಲ್ಲಿ ವಾತ ಕೆರಳುತ್ತದೆ, ಜಠರಾಗ್ನಿ ಮಂದವಾಗುತ್ತದೆ ಎಂದು ಒಂದು ತಾಸು ಹೇಳಿದ್ದರು. ಮನೋಹರನ ಹೆಂಡತಿ ಪುಷ್ಪಾವತಿ ಅದಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಳು. ಮರುದಿನದಿಂದ ಮನೆಯಲ್ಲಿ ಮೊಸರು ಬಂದ್, ಹಗಲುನಿದ್ದೆ ಬಂದ್; ಒಣಶುಂಠಿ ಹಾಕಿ ಕುದಿಸಿದ ನೀರು ಮಾತ್ರ ಚಾಲೂ. ಒಸಡಿಗೆಂದು ಬೆಚ್ಚಗಿನ ಎಳ್ಳೆಣ್ಣೆ. ಬೆಳಿಗ್ಗೆ ಅದನ್ನು ಬಾಯ್ತುಂಬ ಹಿಡಿದು, ಮುಖ ತುಸು ಮೇಲೆತ್ತಿ ಕಾಲು ತಾಸು ಕೂರಬೇಕು. ನುಂಗಬಾರದು, ಮಾತಾಡಬಾರದು.

ಮಾತಾಡದಿರುವುದು ಮನೋಹರನಿಗೆ ಕಷ್ಟವೇನಲ್ಲ. ಅವನಿಗೆ ಬರುತ್ತಿದ್ದುದೇ ಒಂದು ಮಾತು: "ಆತ್ರಿ." ಯಾರು ಏನು ಕೇಳಿದರೂ ಆತ್ರಿ. 'ಆಗಂಗಿಲ್ಲ' ಎನ್ನಲು ಅವನ ನಾಲಿಗೆ ಹೊರಳುತ್ತಲೇ ಇರಲಿಲ್ಲ. ಹೋದ ವರ್ಷ ನಾಗರ ಪಂಚಮಿಗೆ ಪಕ್ಕದ ಮನೆಯ ಸೋಮಣ್ಣ ಎಮ್ಮೆ ನೋಡಿಕೋ ಎಂದಾಗ ಆತು ಅಂದ. ಅದರ ಹಿಂದಿನ ವರ್ಷ ತಾನು ಕೆಲಸ ಮಾಡುವ ಬೀಜದ ಕಂಪನಿಯ ಗೋದಾಮು ಕಾಯಲು ಆತ್ರಿ ಅಂದ. ಅದಕ್ಕೂ ಹಿಂದೆ ಯಾರದೋ ಮನೆಯ ಕನ್ಯೆ ನೋಡುವ ಕಾರ್ಯಕ್ಕೆ ಆತ್ರಿ ಅಂದು, ವರನಿಗಿಂತ ಮೊದಲೇ ಹೋಗಿ ಕೂತಿದ್ದ. ಮೂರು ವರ್ಷವೂ ಪುಷ್ಪಾವತಿ ಮೇಡ್ಲೇರಿಯ ತವರಿಗೆ ಒಬ್ಬಳೇ ಹೋದಳು. ಅವಳವ್ವ ಮಂಗಳವ್ವ ಅಳಿಯನಿಗೆಂದು ಕಟ್ಟಿಟ್ಟ ಉಂಡಿಗಳನ್ನು ಕಡೆಗೆ ಓಣಿಗೆ ಹಂಚಿದಳು.

"ಈ ಸಲ ಜೋಡಿಲೆ ಹೋಗೋದು," ಎಂದಿದ್ದಳು ಪುಷ್ಪಾವತಿ. "ಯಾರರ ಏನರ ಕೇಳಿದ್ರ ಆಗಂಗಿಲ್ಲ ಅನ್ರಿ. ಅದೇನ್ ಪರದೇಶದ ಮಾತಲ್ಲ. ಈ ಸಲಾನೂ ತಪ್ಪಿಸಿದ್ರಿ ಅಂದ್ರ ನಾ ನಿಮ್ಮ ಕೂಡ ಮಾತಾಡಂಗಿಲ್ಲ ನೋಡ್ರಿ."

"ಆತು," ಎಂದಿದ್ದ ಮನೋಹರ.

ಪಂಚಮಿಗೆ ಎರಡು ದಿನ ಇರುವಾಗ, ಬೆಳಿಗ್ಗೆ ಅವನು ಎಣ್ಣೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದಾಗ ಸೋಮಣ್ಣ ಕೊಡೆ ಮಡಚುತ್ತ ಬಂದ.

"ಮನೋಹರಾ, ನಾವು ಪಂಚಮಿಗೆ ಹಲಗೇರಿಗೆ ಹೊಂಟೇವಪಾ. ಎರಡ ದಿನ ಎಮ್ಮಿ ನೋಡ್ಕೋತೀಯಲ್ಲ? ಹೋದ ವರ್ಷ ಅದು ನಿನಗ ಭಾಳ ಹೊಂದಿಕೊಂಡಿತ್ತು."

ಮನೋಹರನ ಗಂಟಲಿನಿಂದ 'ಆತು' ಎದ್ದು ಹೊರಟಿತು. ಬಾಯಿಗೆ ಬಂದು ಎಣ್ಣೆಗೆ ಡಿಕ್ಕಿ ಹೊಡೆದು ಹಿಂದಕ್ಕೆ ಹೋಯಿತು. ತಲೆಯಾಡಿಸೋಣವೆಂದರೆ ತುಟಿಯಂಚಿನಲ್ಲಿ ಎಣ್ಣೆ ಸೋರುತ್ತದೆ. ಅವನು ಬೆರಳಿನಿಂದ ಕೆನ್ನೆ ತೋರಿಸಿದ.

"ಹಲ್ಲು ಬ್ಯಾನಿ ಏನ? ಪಾಪ. ಇರಲಿ ತಗೋ, ಬ್ಯಾರೇದವ್ರನ್ನ ಕೇಳ್ತೇನಿ," ಎಂದು ಸೋಮಣ್ಣ ಕೊಡೆ ಬಿಚ್ಚಿಕೊಂಡು ಹೊರಟೇಹೋದ.

ಇದನ್ನೆಲ್ಲ ಕಿಟಕಿಯಿಂದ ನೋಡಿದ ಪುಷ್ಪಾವತಿಗೆ ಹಿಗ್ಗೋ ಹಿಗ್ಗು. "ಹತ್ತು ವರ್ಷ ಬಡ್ಕೊಂಡ್ರೂ ನನ್ನ ಕೈಲೆ ಆಗದ್ದು ಎಳ್ಳೆಣ್ಣಿ ಕೈಲೆ ಆತ ನೋಡ್ರಿ," ಎಂದು ಹಳೆಯ ಕೆಮ್ಮಿನ ಔಷಧದ ಬಾಟಲಿ ತೊಳೆದು, ತುಂಬ ಎಣ್ಣೆ ಹಾಕಿ ಬುತ್ತಿಯ ಚೀಲದಲ್ಲಿಟ್ಟಳು.

"ಡಾಕ್ಟರಮ್ಮ ದಿನಕ್ಕ ಒಮ್ಮೆ ಅಂದಾರಲ್ಲ?" ಎಂದ ಮನೋಹರ.

"ಅದು ಒಸಡಿಗೆ. ಇದು ಪಂಚಮಿಗೆ."

ಆಫೀಸಿನಲ್ಲಿ ಜೊತೆಗಾರ ಚೇತನಕುಮಾರ ಹಲ್ಲುಕಿರಿಯುತ್ತ ತನ್ನ ಮೇಜಿನ ಕಡೆ ಬರುವುದನ್ನು ಕಂಡ ಕೂಡಲೇ ಮನೋಹರ ಕಪಾಟಿನ ಮರೆಗೆ ಬಗ್ಗಿ ಬಾಟಲಿ ಎತ್ತಿದ.

"ಪಂಚಮಿ ದಿನ ಬ್ಯಾಡಗಿಯೊಳಗ ಮೆಣಸಿನಕಾಯಿ ರೈತರ ಸಭಾ ಐತಿ. ನನ್ನ ಬದ್ಲಿ ನೀವು ಹೋಗಿಬರ್ತೀರೇನ್ರಿ?" ಎಂದ ಚೇತನ. ಮನೋಹರ ಕೆನ್ನೆ ಉಬ್ಬಿಸಿ, ಬಹಳ ನೊಂದವನಂತೆ ಮೇಲೆ ತಿರುಗುವ ಫ್ಯಾನು ನೋಡಿದ. ಚೇತನ ಎರಡು ನಿಮಿಷ ನಿಂತು, ಬೇಸತ್ತು ಹೋದ.

ಆದರೆ ಆ ಉಬ್ಬಿದ ಕೆನ್ನೆ, ಬೀಜ ಆರಿಸುವ ಸಕೀನಾಬಿಯ ಕಣ್ಣಿಗೆ ಬಿತ್ತು. ಕಂಡವರ ರೋಗಕ್ಕೆಲ್ಲ ಮದ್ದು ಹೇಳುವ ಮುದುಕಿ ಅವಳು. "ಎಪ್ಪಾ, ದವಡಿ ಹೆಂಗ ಬಾತೈತಿ ನೋಡು. ಬಾಯಿ ತೆಗಿ," ಎಂದಳು. ಅವನು ತೆಗೆಯಲಿಲ್ಲ. "ತೆಗ್ಯಾಕೂ ಬರವಲ್ದು ಅಂದ್ರ ಹೊರಗಿಂದಾನ ಹಚ್ಚಬೇಕು," ಎಂದವಳೇ ಅರಿಶಿನ, ಲವಂಗ ಅರೆದು ತಂದು ಕಿವಿಯಿಂದ ಗದ್ದದವರೆಗೆ ಮೆತ್ತಿದಳು. ಬೇಡವೆನ್ನಲು ಅವನಿಗೆ ಬಾಯಿ ಇರಲಿಲ್ಲ, ಇದ್ದಾಗಲೂ ಎಂದವನಲ್ಲ. ಊಟದ ಹೊತ್ತಿಗೆ ಮುಖ ಅರ್ಧ ಹಳದಿಯಾಗಿತ್ತು. ಆದರೂ ಒಂದೇ ಬೆಳಗಿಗೆ ಎರಡು ಕೆಲಸ ತಪ್ಪಿಸಿಕೊಂಡ ಗತ್ತು ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ನಾಲ್ಕು ಗಂಟೆಗೆ ಮ್ಯಾನೇಜರ್ ವೀರೇಂದ್ರ ಅವರ ಕೋಣೆಯಲ್ಲಿ ಮೀಟಿಂಗು. ರಜೆಯ ತೀರ್ಮಾನ ಅಲ್ಲೇ ಆಗಬೇಕಿತ್ತು. ವೀರೇಂದ್ರ ಸೌಮ್ಯವಾಗಿ ಕೇಳುವವರು. ಸೌಮ್ಯವಾಗಿ ಕೇಳುವವರೆಂದರೆ ಮನೋಹರನಿಗೆ ಇನ್ನೂ ಹೆಚ್ಚು ಹೆದರಿಕೆ. ಆದ್ದರಿಂದ ಬಾಗಿಲ ಹೊರಗೇ ಎರಡೂ ಕೆನ್ನೆ ಭರ್ತಿ ಮಾಡಿಕೊಂಡು ಒಳಗೆ ಹೋಗಿ ಗೋಡೆಯ ಪಕ್ಕದ ಕುರ್ಚಿ ಹಿಡಿದ.

ವೀರೇಂದ್ರ ನಾಲ್ಕು ರಜಾ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. "ನಾಲ್ಕೂ ಮಂದಿ ರಜಾ ಕೇಳೀರಿ. ಬ್ಯಾಡಗಿ ಸಭಾ ಮುಂದಕ್ಕ ಹೋಗೇತಿ, ಆದ್ರ ಪಂಚಮಿ ಹಿಡದು ಮೂರು ದಿನ ಹಾವೇರಿಯೊಳಗ ರೈತರ ಮ್ಯಾಳ ಐತಿ. ನಮ್ಮ ಮಳಿಗಿಗೆ ಒಬ್ರು ಬೇಕ. ಯಾರ ಮ್ಯಾಲೂ ನಾ ಹೇರಂಗಿಲ್ಲ. ಆಗಂಗಿಲ್ಲ ಅನ್ನೋರು ಬಾಯಿಬಿಟ್ಟು ಹೇಳಿಬಿಡ್ರಿ."

"ಆಗಂಗಿಲ್ರಿ ಸರ," ಎಂದ ಚೇತನ. "ಲಗ್ನ ಆದಮ್ಯಾಲ ನನ್ನ ಹೆಂಡ್ತಿ ಸ್ನೇಹಾಗ ಇದ ಮೊದಲನೇ ಪಂಚಮಿ."

"ನನಗೂ ಆಗಂಗಿಲ್ರಿ," ಎಂದಳು ಲೆಕ್ಕಪತ್ರದ ದಿಲನಾಜ. "ತಂಗಿ ಲಗ್ನದ ಮಾತುಕತಿ ಐತಿ."

"ಆಗಂಗಿಲ್ಲ, ಮೊಣಕಾಲು," ಎಂದರು ಗೋದಾಮಿನ ಮಾಲತೇಶಪ್ಪ.

ಆ ಮಾತು ಎಷ್ಟು ಸಲೀಸು ಎಂದು ಮನೋಹರನಿಗೆ ಆಗ ಗೊತ್ತಾಯಿತು. ಈಗ ಎಲ್ಲರೂ ಅವನ ಕಡೆ ನೋಡುತ್ತಿದ್ದರು. ಉಗುಳೋಣವೆಂದರೆ ಮಳೆಗೆ ಕಿಟಕಿ ಹಾಕಿದ್ದಾರೆ. ಮೇಜಿನ ಮೇಲಿರುವ ತಟ್ಟೆಗಳಲ್ಲಿ ಬೀಜದ ಮಾದರಿಗಳಿವೆ. ನುಂಗಬೇಡವೆಂದು ಡಾಕ್ಟರಮ್ಮ ಮೂರು ಸಲ ಹೇಳಿದ್ದಾರೆ. ಅವನು ಕುರ್ಚಿ ಕೆಡವಿ ಎದ್ದು ಗೋದಾಮಿನ ಹಿಂದಿನ ಮೋರಿಗೆ ಓಡಿದ.

"ಬ್ಯಾಗ ಕಟ್ಟಾಕ ಓಡಿದ್ರು ಕಾಣಸ್ತೈತಿ," ಎಂದ ಚೇತನ.

ಬಾಯಿ ಮುಕ್ಕಳಿಸಿ ಏದುಸಿರು ಬಿಡುತ್ತ ಮರಳಿ ಬಂದಾಗ ಹಾವೇರಿಯ ಪಟ್ಟಿಯಲ್ಲಿ ಅವನ ಹೆಸರು ಬರೆದಾಗಿತ್ತು. ಪರವಾಗಿಲ್ಲ, ಈಗ ಬಾಯಿ ಖಾಲಿ. 'ಆಗಂಗಿಲ್ಲ' ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ವೀರೇಂದ್ರ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು.

"ಇಡೀ ಆಫೀಸಿನ್ಯಾಗ ಇಲ್ಲ ಅನ್ನದವರು ನೀವೊಬ್ರ ನೋಡ್ರಿ. ಹಲ್ಲು ಬ್ಯಾನಿ ಇಟ್ಕೊಂಡೂ ತಯಾರಾಗೀರಿ. ಹೋಗಿಬರ್ತೀರಲ್ಲ?"

ಬೆಳಗಿನಿಂದ ಎಣ್ಣೆಯಲ್ಲಿ ನೆನೆದ ನಾಲಿಗೆ ಸರ್ರನೆ ಜಾರಿತು.

"ಆತ್ರಿ ಸರ."

ಮನೆಗೆ ಬಂದಾಗ ಬಾಗಿಲ ಬಳಿ ಇಬ್ಬರ ಬಟ್ಟೆಯೂ ತುಂಬಿದ ಒಂದೇ ಬ್ಯಾಗು ಸಿದ್ಧವಾಗಿತ್ತು. ಪುಷ್ಪಾವತಿ ಒಲೆಯ ಮುಂದೆ ಕೂತು ಎಳ್ಳೆಣ್ಣೆ ಬೆಚ್ಚಗೆ ಮಾಡುತ್ತಿದ್ದಳು. ಮನೋಹರ ನಿಂತಲ್ಲೇ ಎಲ್ಲವನ್ನೂ ಹೇಳಿದ. ಪುಷ್ಪಾವತಿ ತುಟಿ ಬಿಗಿದುಕೊಂಡು ಕೇಳಿದಳು. ಒಂದು ಮಾತೂ ಆಡಲಿಲ್ಲ.

ಪಕ್ಕದಲ್ಲಿದ್ದ ಎಣ್ಣೆಯ ಬಟ್ಟಲು ಅವನ ಕಣ್ಣಿಗೆ ಬಿತ್ತು. ಓಹೋ, ಇವಳೂ ಹಿಡಿದಿದ್ದಾಳೆ ಎಂದು ಜೀವ ಬಂದಂತಾಯಿತು. "ಕಾಲು ತಾಸು ಆಗಲಿ. ಆಮ್ಯಾಲ ಉಗುಳಿ, ಎಷ್ಟ್ ಬೇಕಾದ್ರೂ ಬೈ. ನಾ ಇಲ್ಲೇ ಕುಂತಿರ್ತೇನಿ," ಎಂದು ಹಳದಿ ಮುಖ ಹೊತ್ತು ಎದುರಿಗೆ ಕೂತ.

ಕಾಲು ತಾಸಾಯಿತು. ಅರ್ಧ ತಾಸಾಯಿತು. ಪುಷ್ಪಾವತಿ ಎದ್ದು, ಬ್ಯಾಗಿನಿಂದ ಅವನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೇರೆ ಚೀಲಕ್ಕೆ ತುಂಬಿದಳು.

"ಎಷ್ಟೊತ್ತು ಹಿಡೀತೀ ಪುಷ್ಪಾ? ಉಗುಳಿನ್ನ, ದವಡಿ ನೋಯ್ತಾವು," ಎಂದ ಮನೋಹರ.

ಪುಷ್ಪಾವತಿ ಹತ್ತಿರ ಬಂದು, ಡಾಕ್ಟರಿಗೆ ತೋರಿಸುವ ಹಾಗೆ ಬಾಯಿ ಅಗಲವಾಗಿ ತೆಗೆದು ತೋರಿಸಿದಳು. ಒಳಗೆ ಒಂದು ಹನಿ ಎಣ್ಣೆಯೂ ಇರಲಿಲ್ಲ. ಮತ್ತೆ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.