ಮಾವನ ಗುಂಡಿ ಸಂಸಾರ

ನನ್ನ ಸೋದರಮಾವನ ಸಂಸಾರ ಬಹಳ ದೊಡ್ಡದು. ಮಾವ, ಅತ್ತೆ, ನಾನು, ಮತ್ತೆ ಕೋಟ್ಯಂತರ ಬ್ಯಾಕ್ಟೀರಿಯಾ! ನಾವು ಮೂವರು ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆವು, ಉಳಿದವರು ಹಿತ್ತಿಲಿನ ಪಾಯಿಖಾನೆ ಗುಂಡಿಯಲ್ಲಿ. ಇವರಲ್ಲಿ ಯಾರ ಮೇಲೆ ಮಾವನಿಗೆ ಪ್ರೀತಿ ಹೆಚ್ಚು ಅಂತೀರಾ? ಕೇಳಬೇಡಿ, ನನಗೆ ಮೈ ಉರಿಯುತ್ತದೆ.

ಮೂಡುಬಿದಿರೆಯಲ್ಲಿ ನಮ್ಮದು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ. ಇರುವೆ ಕಂಡರೂ ದಾರಿ ಬಿಡುವವರು ಮಾವ. ಬಂಟ್ವಾಳದಲ್ಲಿ ಬ್ಲಾಕ್ ಆಫೀಸಿನವರು ನಡೆಸಿದ ಪಾಯಿಖಾನೆ ಶಿಬಿರಕ್ಕೆ ಹೋಗಿ ಬಂದದ್ದೇ ತಡ, ಬಹಿರ್ದೆಸೆಗೆಂದು ಗುಡ್ಡೆಗೆ ಹೊರಟ ನಮ್ಮ ಕೈಯ ಚೆಂಬು ಕಸಿದುಕೊಂಡರು! ಕೆಂಪು ಮುರಕಲ್ಲಿನ ಗುಂಡಿ ಕಟ್ಟಿಸಿದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದಕ್ಕೆ ಒಂದು ಬಾಲ್ದಿ ಸೆಗಣಿ ನೀರು ಹೊಯ್ದು ಭಾಷಣ ಬಿಗಿದರು: "ಇದರಲ್ಲಿ ಕಣ್ಣಿಗೆ ಕಾಣದ ಜೀವಗಳುಂಟು. ನಾವು ಬಿಟ್ಟದ್ದನ್ನು ಅವರು ತಿಂದು ಒಳ್ಳೆ ಮಣ್ಣು ಮಾಡ್ತಾರೆ. ವಾಸನೆ ಇಲ್ಲ, ಗಲಾಟೆ ಇಲ್ಲ!"

ಮಾವನ ಬಾಯಲ್ಲಿ ನಾನು 'ಪೋಕರಿ', ಅವು 'ಅವರು'! ನ್ಯಾಯವಾ ಇದು?

ಒಂದು ದಿನ ನನಗೆ ಹೊಟ್ಟೆ ಕಟ್ಟಿತು. ಕಷಾಯವಾದರೂ ಕೊಟ್ಟಾರು ಅಂದುಕೊಂಡರೆ, "ಇವತ್ತು ಹೋಗಲಿಲ್ಲವಾ ಮಾರಾಯ? ಹಾಗಾದರೆ ಅವರಿಗೆ ಊಟ?" ಎಂದರು. ನಾನೇನು ಗುಂಡಿಯ ಅಡುಗೆಭಟ್ಟನಾ?

ಇನ್ನೊಮ್ಮೆ ಕಲ್ಲಡ್ಕದಿಂದ ಅತ್ತೆಯ ಅಣ್ಣ ಬರುವವರಿದ್ದರು. ನೆಂಟರಿಗೆ ಮರ್ಯಾದೆ ಎಂದು ಅತ್ತೆ ಪಾಯಿಖಾನೆಗೆ ಒಂದಿಷ್ಟು ಫಿನಾಯಿಲ್ ಹಾಕಿದರು. ಮಾವ ಕೆಂಡವಾದರು.

"ನೀರು ಸೋಸಿ ಕುಡಿಯುವ ಮನೆಯಲ್ಲಿ ಇಂಥ ಕೊಲೆಯಾ? ಎಷ್ಟು ಜೀವ ಹೋಯಿತು, ಲೆಕ್ಕ ಉಂಟಾ?"

"ಹಾಗಾದರೆ ಅಣ್ಣ ಮೂಗು ಮುಚ್ಚಿ ಕೂತುಕೊಳ್ಳಬೇಕಾ?"

"ಬನ್ನಿ ಭಾವ, ನೀವೇ ಮೂಸಿ ಹೇಳಿ!" ಎಂದು ಆಗಷ್ಟೇ ಜಗಲಿ ಹತ್ತಿದ ನೆಂಟರ ಕೈ ಹಿಡಿದು ಗುಂಡಿಯ ಬಳಿಗೆ ಎಳೆದೊಯ್ದರು. ನೆಂಟರು ಊಟಕ್ಕೂ ನಿಲ್ಲಲಿಲ್ಲ. ಮಾವನೂ ಉಣ್ಣಲಿಲ್ಲ. ಸತ್ತವರಿಗಾಗಿ ಉಪವಾಸವಂತೆ!

ನಾನು ಬಿಡುತ್ತೇನಾ? ಓರಗೆಯವರನ್ನು ಅಂಗಳದಲ್ಲಿ ಕೂರಿಸಿ, ಗಂಟಲು ಕೆರೆದು, ಬಲಗೈ ಎತ್ತಿ "ಇಂಥ ಕೊಲೆಯಾ?" ಎಂದು ಗರ್ಜಿಸಿದೆ. ಒಬ್ಬನೂ ನಗಲಿಲ್ಲ. ತಿರುಗಿದರೆ ಹಿಂದೆಯೇ ಮಾವ!

"ಸ್ವರ ಸರಿ ಉಂಟು," ಎಂದರು. "ಆದರೆ ಸಿಟ್ಟು ಬಂದಾಗ ನಾನು ಎತ್ತುವುದು ಎಡಗೈ."

ಆ ಮಳೆಗಾಲ ನನಗೆ ಟೈಫಾಯಿಡ್ ಬಂತು. ಬೆಳ್ತಂಗಡಿಯಿಂದ ಬಂದ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: "ಮನೆಯಲ್ಲೇ ಇಟ್ಟುಕೊಳ್ಳುವುದಾದರೆ, ರೋಗ ಹರಡದ ಹಾಗೆ ಇವನ ಮಲಕ್ಕೆ, ಆ ಗುಂಡಿಗೆ, ದಿನಾ ಫಿನಾಯಿಲ್ ಹೊಯ್ಯಬೇಕು. ಇಲ್ಲವಾದರೆ ಮಂಗಳೂರಿನ ಆಸ್ಪತ್ರೆಗೆ ಸೇರಿಸಿ."

ಮುಗಿಯಿತು! ಮಾವ ನನ್ನನ್ನು ಬಿಟ್ಟಾರು, ಅವರನ್ನು ಬಿಡಲಾರರು. ಮಲಗಿದಲ್ಲೇ ಸಿಟ್ಟಿನಿಂದ ಹಲ್ಲು ಕಡಿದೆ. ಮಂಗಳೂರಿನ ಗಾಡಿ ಯಾವಾಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಆಮೇಲೆ ಜ್ವರದ ಅಮಲಿನಲ್ಲಿ ಕಾಯುವುದನ್ನೇ ಮರೆತೆ.

ಜ್ವರ ಬಿಟ್ಟ ಮೇಲೆ ನೋಡಿದರೆ ಮಾವ ನನಗಿಂತ ಬಡಕಲಾಗಿದ್ದರು. "ಇಷ್ಟು ದಿನವೂ ಒಪ್ಪೊತ್ತು ಊಟ," ಎಂದರು ಅತ್ತೆ ಗಂಜಿ ಕೊಡುತ್ತಾ.

"ನನಗಾಗಿಯಾ?" ನಾನು ಉಬ್ಬಿದೆ.

"ನಿನಗಾಗಿ ಮಾಡಿದ್ದು ಬೇರೆ. ದಿನಾ ತನ್ನ ಕೈಯಾರೆ ಗುಂಡಿಗೆ ಫಿನಾಯಿಲ್ ಹೊಯ್ದರು, ನನ್ನನ್ನೂ ಮುಟ್ಟಲು ಬಿಡಲಿಲ್ಲ. ಉಪವಾಸ ಅವರಿಗಾಗಿ."

ನಾನು ಬಟ್ಟಲು ಕೆಳಗಿಟ್ಟು ಹಿತ್ತಿಲಿನ ಕಡೆ ನೋಡಿದೆ.

ಡಾಕ್ಟರು ಫಿನಾಯಿಲ್ ಸಾಕು ಎಂದ ದಿನ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋದೆ. ಮಾವ ಸೆಗಣಿ ನೀರಿನ ಬಾಲ್ದಿ ಹಿಡಿದು ಏದುಸಿರು ಬಿಡುತ್ತಾ ಬರುತ್ತಿದ್ದರು. ಹೆಪ್ಪು ಹಾಕಲು, ಮತ್ತೆ ಮೊದಲಿನಿಂದ.

"ಏನು ನೋಡ್ತೀ ಪೋಕರಿ? ಇದನ್ನೂ ಅಣಕಿಸು!"

ಸಿಟ್ಟಿನ ಎಡಗೈ ಮೇಲೇಳಲಿಲ್ಲ. ಅದರಲ್ಲಿ ಬಾಲ್ದಿಯಿತ್ತು. ನಾನು ಹೋಗಿ ಅದರ ಹಿಡಿಯ ಇನ್ನೊಂದು ಬದಿ ಹಿಡಿದೆ. "ಹೋಗುವ ಮಾವ," ಎಂದೆ, "ಅವರಿಗೆ ಹಸಿವಾಗಿರಬಹುದು."